ಚುಕ್ಕಿ ಇಟ್ಟ ಕಾಲಂಗಳು

ಬಳ್ಳಾರಿ, ಕೌಲ್ ಬಜಾರು. ಜೀನ್ಸ್ ಹೊಲಿಯುವವರ ಮೇಲಿನ ಮಹಡಿಯಲ್ಲಿ
ನನ್ನ ಮೇಜು. ಕೆಳಗೆ ನಲವತ್ತು ಮಿಷನ್ನು ಒಟ್ಟಿಗೆ ಓಡಿದರೆ
ಇಲ್ಲಿ ಚಹಾದ ಲೋಟ ತಾನಾಗಿ ಅಂಚಿಗೆ ಸರಿಯುತ್ತದೆ.

ಆ ಸದ್ದಿನ ಮೇಲೆ ಕೂತು ಒಂದು ಆ್ಯಪ್ ಮಾಡಿದೆ,
ಜೈಲಿನಿಂದ ಹೊರಬಂದವರಿಗೆ.
ಕೆಲಸ, ಬಾಡಿಗೆ ಕೋಣೆ, ಆಧಾರು, ವಕೀಲರ ನಂಬರು,
ಮೂಲೆಯಲ್ಲೊಂದು ಹುಟ್ಟುವ ಸೂರ್ಯ.
ಹೆಸರು: ಹೊಸ ಬೆಳಕು.
ಹೆಸರಿಟ್ಟ ದಿನ ನನಗೆ ನಾನೇ ಒಗ್ಗರಣಿ-ಮಿರ್ಚಿ ಕೊಡಿಸಿಕೊಂಡಿದ್ದೆ.

ಪರೀಕ್ಷೆಗೆ ಬಂದವನು ಹೊನ್ನೂರಪ್ಪ.
ಹದಿಮೂರು ವರ್ಷ, ನಾಲ್ಕು ತಿಂಗಳು.
ಬಾಗಿಲ ಹೊರಗೆ ನಿಂತಿದ್ದ; ಬಾಗಿಲು ತೆರೆದೇ ಇತ್ತು.
ಎಷ್ಟು ಹೊತ್ತಿನಿಂದ ನಿಂತಿದ್ದನೋ.
'ಬರ್ರಿ' ಅಂದ ಮೇಲೆಯೇ ಹೊಸ್ತಿಲು ದಾಟಿದ್ದು.

ಫೋನು ಕೊಟ್ಟೆ. ಅಂಗೈ ಮೇಲೆ ಇಟ್ಟುಕೊಂಡ,
ಪ್ರಸಾದ ಹಿಡಿದ ಹಾಗೆ, ಬೆರಳು ಮಡಚದೆ.
'ಮುಂದೆ' ಎಂಬ ಹಸಿರು ಗುಂಡಿ ಮಿನುಗುತ್ತಿತ್ತು.
ಅವನು ನನ್ನ ಮುಖ ನೋಡುತ್ತಿದ್ದ.
ಪುಸ್ತಕದಲ್ಲಿ ಬರೆದುಕೊಂಡೆ: ಗುಂಡಿ ಇನ್ನೂ ದೊಡ್ಡದಾಗಬೇಕು.
(ಆಮೇಲೆ ಅದನ್ನು ಹೊಡೆದು ಹಾಕಿದೆ.
ತಪ್ಪು ಗುಂಡಿಯ ಗಾತ್ರದ್ದಾಗಿರಲಿಲ್ಲ.)

'ನೀವು ಎಲ್ಲಿದ್ದೀರೆಂದು ಸದಾ ತಿಳಿಯಲು ಅನುಮತಿಸಿ' ಎಂದಿತು ಪರದೆ.
'ಇದೂ ಹಾಜರಿ ತಗೊಳ್ತೈತೇನ್ರಿ?' ಅಂದ.
'ದಿನಕ್ಕ ಎಷ್ಟು ಸಲ?'

ಪೂರ್ಣ ಹೆಸರು, ಕೆಂಪು ಚುಕ್ಕಿ.
ಕಾಯಂ ವಿಳಾಸ, ಕೆಂಪು ಚುಕ್ಕಿ.
ಅಲ್ಲಿ ತಡೆದ. ಸಿರುಗುಪ್ಪದ ಕಡೆಯ ಊರೊಂದನ್ನು ಹೇಳಿ
'ಬ್ಯಾಡ, ಅಳಿಸ್ರಿ' ಅಂದ.
ಅಲ್ಲಿ ಅಣ್ಣನ ಹೆಂಡತಿ ಇದ್ದಾಳೆ, ಮಕ್ಕಳಿದ್ದಾವೆ,
ಅಣ್ಣ ಇಲ್ಲ.
ಆ 'ಇಲ್ಲ'ವನ್ನು ಅವನು ನೆಲಕ್ಕೆ ಇಟ್ಟ ರೀತಿ ನೋಡಿದ ಮೇಲೆ
ಕಾಲಂ ನಾಲ್ಕನ್ನು ನಾನು ಕೇಳಬೇಕಾಗಿಯೇ ಇರಲಿಲ್ಲ.
ಕೇಳಿದೆ. ಚುಕ್ಕಿ ಇತ್ತಲ್ಲ.
ಅಪರಾಧದ ಸ್ವರೂಪ:
ಒತ್ತಿದರೆ ಕೆಳಗೆ ಜಾರುವ ಪಟ್ಟಿ, ಹನ್ನೊಂದು ಆಯ್ಕೆ.

ಅಷ್ಟರಲ್ಲಿ ಕೆಳಗೆ ಊಟದ ಬಿಡುವು. ಮಿಷನ್ನುಗಳು ನಿಂತವು.
ಹೊನ್ನೂರಪ್ಪ ಚುಕ್ಕಿಯ ಮೇಲೆ ಉಗುರಿಟ್ಟು ಕೆರೆದ,
ಅಂಗಿಗೆ ಕೂತ ಅದಿರಿನ ಧೂಳು ತೆಗೆಯುವವನಂತೆ.
ಗಾಜು ಗಾಜಾಗಿಯೇ ಇತ್ತು.

'ತೆಗೀರಿ ಅಂತ ನಾ ಹೇಳಂಗಿಲ್ರಿ.
ಮಾಡೀನಿ. ಕೇಳಿದರ ಹೇಳ್ತೀನಿ.
ಆದರ ಮೊದಲು, ನಿನಗ ಏನು ಬರ್ತೈತಿ ಅಂತ ಕೇಳ್ಲಿ.
ಪಾಕೀಟು ಹೊಲಿತೀನಿ. ಜೀನ್ಸಿಂದು. ಐದೂ ಪಾಕೀಟು,
ಆ ಚಿಲ್ಲರ ಹಾಕೋ ಸಣ್ಣದೂ ಸೇರಿ.'

ಆಮೇಲೆ ಸೂರ್ಯನನ್ನು ನೋಡಿ ಮೊದಲ ಸಲ ನಕ್ಕ.
'ಬೆಳಕು ಯಾಕ್ರಿ ಮೇಡಮ್ಮೋರೆ?
ಒಳಗ ಒಂದು ರಾತ್ರಿನೂ ಬಲ್ಬು ಆರಿಸಿಲ್ಲ.
ಹೊರಗ ಬಂದ ದಿನ ಲಾಡ್ಜಿನಾಗ
ಸ್ವಿಚ್ಚು ಹಾಕೋದು, ಆರಿಸೋದು, ಹಾಕೋದು, ಆರಿಸೋದು.
ಮ್ಯಾನೇಜರ್ ಬಂದು ಬೈದು ಹೋದ.'

ಸಂಜೆ, ಹಗಲೆಲ್ಲ ಕುಡಿದ ಬಿಸಿಲನ್ನು
ಕೋಟೆಗುಡ್ಡ ಊರಿನ ಮೇಲೆ ವಾಪಸ್ಸು ಸುರಿಯುವ ಹೊತ್ತಿಗೆ
ಅಳಿಸುತ್ತ ಕೂತೆ. ಸೂರ್ಯ ಹೋದ.
ಕಾಲಂ ನಾಲ್ಕನ್ನು ಕೊನೆಗೆ ದೂಡಿ ಚುಕ್ಕಿ ಕಿತ್ತೆ.
ದುಡ್ಡು ಕೊಟ್ಟ ಸಂಸ್ಥೆಯವರು ಅದನ್ನೇ ಮೊದಲು ಕೇಳುತ್ತಾರೆ,
ಏನು ಹೇಳಲಿ, ಇನ್ನೂ ಗೊತ್ತಿಲ್ಲ.
ಹೆಸರಿನ ಜಾಗ ಖಾಲಿ ಇದೆ.
ಪರದೆಯನ್ನು ಕಪ್ಪು ಮಾಡುವ ಒಂದು ಗುಂಡಿ ಮಾತ್ರ
ಮೊದಲ ಪುಟದಲ್ಲೇ ಇಟ್ಟೆ, ಯಾವ ಉಪಯೋಗಕ್ಕೂ ಅಲ್ಲ,
ಹಾಕಲಿಕ್ಕೆ, ಆರಿಸಲಿಕ್ಕೆ.

ಮತ್ತೆ ಆ್ಯಪಿನಲ್ಲಿ ಎಲ್ಲೂ ಇರದ
ಹದಿನೇಳು ಮೆಟ್ಟಿಲು ಇಳಿದು ಹೋದೆ.
ಮಾಲೀಕ ಮಸ್ತಾನ್‌ಸಾಬ್ ಕೊರಳಲ್ಲಿ ಟೇಪು ಹಾಕಿಕೊಂಡು
ಗುಂಡಿ ಎಣಿಸುತ್ತಿದ್ದರು, ಉಕ್ಕಿನವು.
'ಐದೂ ಪಾಕೀಟು ಬರ್ತಾವಾ? ಕಳಿಸಮ್ಮ, ಬೇಕು' ಅಂದರು.
ಎಣಿಕೆ ನಿಲ್ಲಿಸದೆಯೇ ಕೇಳಿದರು:
'ಎಲ್ಲಿ ಕಲಿತಾನಂತೆ?'

'ಬಿಟ್ಟು ಮುಂದೆ ಹೋಗಿ' ಎಂಬುದನ್ನು
ನಾನು ಯಾವ ಮೂಲೆಯಲ್ಲಿ ಇಟ್ಟಿದ್ದೆ?